ಬಸುರಿ, ಬಾಣಂತಿಯರ ಆರೈಕೆ: ಅಲೆವೂರು ಸುತ್ತಿನ ಮನೆಗಳಿಗೂ ಕ್ಲಿನಿಕ್ಕುಗಳಿಗೂ ಸೂಚನೆ

ಅಲೆವೂರು, ಉದ್ಯಾವರ, ಕಟಪಾಡಿ, ಕಾಪು, ಇತ್ತ ಮಣಿಪಾಲ, ಅತ್ತ ಕಾರ್ಕಳ. ಈ ಊರುಗಳಲ್ಲಿ ಮನೆಯಲ್ಲಿ ಹೆರಿಗೆಯಾಗುವುದು ಈಗ ಅಪರೂಪ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಡೀ ಕರ್ನಾಟಕದಲ್ಲೇ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿವೆ. ಹಾಗಿದ್ದೂ 2018–20ರ ಲೆಕ್ಕದಂತೆ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ತೀರಿಕೊಂಡರು. ನೆರೆಯ ಕೇರಳದಲ್ಲಿ ಆ ಸಂಖ್ಯೆ 19. ಎರಡೂ ಕಡೆ ಹೆಂಗಸರು ಆಸ್ಪತ್ರೆಗೆ ಹೋಗಿಯೇ ಹೆರುತ್ತಾರೆ. ಹಾಗಾಗಿ ಆಸ್ಪತ್ರೆಯ ಬಾಗಿಲು ದಾಟಿದರೆ ಗೆದ್ದೆವು ಎಂದು ಯಾರೂ ತಿಳಿಯಬಾರದು. ಎಷ್ಟನೇ ತಿಂಗಳಲ್ಲಿ ಮೊದಲ ಸಲ ಹೋದಿರಿ, ಅಲ್ಲಿ ಏನೇನು ಅಳೆದರು, ಅಳೆದದ್ದನ್ನು ಬರೆದರೇ, ಬರೆದದ್ದನ್ನು ಮುಂದಿನ ಆಸ್ಪತ್ರೆಯವರು ಓದಿದರೇ? ತಾಯಿಯ ಜೀವ ನಿಂತಿರುವುದು ಇವುಗಳ ಮೇಲೆ. ಈ ಸೂಚನೆ ಬಸುರಿಗೆ, ಅವಳ ಅತ್ತೆಗೆ, ಅಮ್ಮನಿಗೆ, ಗಂಡನಿಗೆ. ಅಷ್ಟೇ ಕಟ್ಟುನಿಟ್ಟಾಗಿ ಕ್ಲಿನಿಕ್ಕಿನವರಿಗೆ ಕೂಡ.

ಹತ್ತಿರದ ಕ್ಲಿನಿಕ್ಕನ್ನು ದಾಟಿ ಹೋಗಬೇಡಿ

ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದದ್ದು 1953ರಲ್ಲಿ. ಅದರ ಸಮುದಾಯ ವೈದ್ಯಕೀಯ ವಿಭಾಗದವರು ಅಲೆವೂರು, ಮಲ್ಪೆ, ಉದ್ಯಾವರದಂಥ ಊರುಗಳಲ್ಲಿ ಗ್ರಾಮೀಣ ಹೆರಿಗೆ ಮತ್ತು ಮಕ್ಕಳ ಕಲ್ಯಾಣ ಕೇಂದ್ರಗಳನ್ನು ನಡೆಸಿಕೊಂಡು ಬಂದಿದ್ದಾರೆ. ಇದರ ಜೊತೆಗೆ ಸರ್ಕಾರದ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಇದ್ದಾರೆ. ಬೀದರಿನ ಅಥವಾ ಯಾದಗಿರಿಯ ಹಳ್ಳಿಯ ಹೆಣ್ಣಿಗೆ ಇಷ್ಟು ಹತ್ತಿರದಲ್ಲಿ ಇಷ್ಟೊಂದು ಸಿಕ್ಕುವುದಿಲ್ಲ. ಆದರೂ ನಮ್ಮಲ್ಲಿ ಅನೇಕರು ‘ದೊಡ್ಡಾಸ್ಪತ್ರೆಯೇ ಇದೆಯಲ್ಲ, ಐದನೇ ತಿಂಗಳಲ್ಲಿ ಒಮ್ಮೆ ಸ್ಕ್ಯಾನಿಂಗ್‌ಗೆ ಹೋದರಾಯಿತು’ ಎಂದು ಕುಳಿತುಬಿಡುತ್ತಾರೆ. ಅದು ತಪ್ಪು.

ಮುಟ್ಟು ನಿಂತ ಕೂಡಲೇ ಪರೀಕ್ಷೆ ಮಾಡಿಸಿ. ಮೂತ್ರ ಪರೀಕ್ಷೆಯ ಕಿಟ್ ಆಶಾ ಕಾರ್ಯಕರ್ತೆಯ ಹತ್ತಿರವೇ ಇರುತ್ತದೆ. ಹನ್ನೆರಡು ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಎಂಬ ರೂಢಿ ಇರುವ ಮನೆಗಳಿವೆ. ನೆಂಟರಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ, ನರ್ಸಿಗೆ ಮಾತ್ರ ಮುಚ್ಚಿಡಬೇಡಿ. ಆಟಿ ತಿಂಗಳು, ಈಗ ಬೇಡ ಎಂದು ಮುಂದೂಡಬೇಡಿ. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಕೆಲವೇ ವಾರಗಳಲ್ಲಿ. ಫೋಲಿಕ್ ಆಮ್ಲದ ಮಾತ್ರೆ ಆಗಲೇ ಹೊಟ್ಟೆಗೆ ಬಿದ್ದಿರಬೇಕು. ಐದನೇ ತಿಂಗಳಲ್ಲಿ ಕೊಟ್ಟರೆ ಆ ಕೆಲಸ ಆಗುವುದಿಲ್ಲ.

ಸರ್ಕಾರದ ನಿಯಮದಂತೆ ಕನಿಷ್ಠ ನಾಲ್ಕು ಭೇಟಿಗಳು ಬೇಕು. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಎಂಟು ಬೇಕು ಎನ್ನುತ್ತಿದೆ. ಅಲೆವೂರಿನಂಥ ಊರಲ್ಲಿ ಎಂಟು ಭೇಟಿ ಕಷ್ಟದ ಮಾತಲ್ಲ, ಎಂಟನ್ನೇ ಗುರಿ ಇಟ್ಟುಕೊಳ್ಳಿ. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಉಚಿತವಾಗಿ ತಪಾಸಣೆ ಮಾಡುತ್ತಾರೆ. ನಾಲ್ಕರಿಂದ ಒಂಬತ್ತು ತಿಂಗಳ ನಡುವೆ ಒಂದು ಸಲವಾದರೂ ಆ ದಿನ ಹೋಗಲೇಬೇಕು.

ಪ್ರತಿ ಭೇಟಿಯಲ್ಲೂ ಕೇಳಿ ಪಡೆಯಿರಿ

ರಕ್ತದೊತ್ತಡ, ತೂಕ, ರಕ್ತದಲ್ಲಿ ಹಿಮೋಗ್ಲೋಬಿನ್, ಮೂತ್ರದಲ್ಲಿ ಪ್ರೋಟೀನು ಮತ್ತು ಸಕ್ಕರೆ, ಹೊಟ್ಟೆ ಮುಟ್ಟಿ ಪರೀಕ್ಷೆ, ಮಗುವಿನ ಎದೆಬಡಿತ. ಇವುಗಳಲ್ಲಿ ಯಾವುದನ್ನಾದರೂ ಬಿಟ್ಟು ಕಳಿಸಿದರೆ ಎದ್ದು ಬರಬೇಡಿ. ‘ಸಿಸ್ಟರ್, ಬಿಪಿ ನೋಡಲಿಲ್ಲ’ ಎಂದು ಹೇಳಿ. ಅದು ಉದ್ಧಟತನವಲ್ಲ, ನಿಮ್ಮ ಹಕ್ಕು. ಬಿಪಿ ನೋಡುವ ಮುಂಚೆ ಐದು ನಿಮಿಷ ಕುಳಿತಿರಿ, ಬಸ್ಸಿಳಿದು ಏದುಸಿರು ಬಿಡುತ್ತಾ ತೋಳು ಚಾಚಬೇಡಿ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ‘ಟೆನ್ಶನ್ನಿಗೆ ಇರಬೇಕು, ಮುಂದಿನ ತಿಂಗಳು ನೋಡೋಣ’ ಎಂಬ ಮಾತಿಗೆ ಒಪ್ಪಬೇಡಿ. ಮತ್ತೊಮ್ಮೆ ಅಳೆಯಬೇಕು, ಅಂದೇ ವೈದ್ಯರು ನೋಡಬೇಕು.

ರಕ್ತಹೀನತೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತ ಕಮ್ಮಿ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಸೇರಲೇಬೇಕು. ರಕ್ತ ಸಾಕಷ್ಟಿರುವ ಹೆಂಗಸು ತಾಳಿಕೊಳ್ಳುವಷ್ಟು ರಕ್ತಸ್ರಾವವನ್ನು ರಕ್ತ ಕಡಿಮೆ ಇರುವವಳು ತಾಳುವುದಿಲ್ಲ. ಹೆರಿಗೆ ಕೋಣೆಯಲ್ಲಿ ಸಾವು ಬರುವ ದಾರಿಗಳಲ್ಲಿ ಇದೂ ಒಂದು. ಕಬ್ಬಿಣಾಂಶದ ಮಾತ್ರೆಯನ್ನು ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಮನೆಯ ಕಪಾಟಿನಲ್ಲಿ ಮಾತ್ರೆಯ ಪಟ್ಟಿಗಳನ್ನು ರಾಶಿ ಹಾಕಿಟ್ಟು ‘ತೆಗೆದುಕೊಳ್ಳುತ್ತಿದ್ದೇನೆ’ ಎಂದು ನರ್ಸಿಗೆ ಹೇಳಬೇಡಿ. ಹೊಟ್ಟೆ ತೊಳಸಿದರೆ, ಮಲಬದ್ಧತೆಯಾದರೆ ಹಾಗೆಂದು ಹೇಳಿ. ರಾತ್ರಿ ಊಟದ ನಂತರ ತೆಗೆದುಕೊಳ್ಳುವಂತೆ ಬದಲಿಸಬಹುದು, ಅಗತ್ಯಬಿದ್ದರೆ ನರದ ಮೂಲಕ ಕೊಡುವ ಔಷಧವೂ ಇದೆ. ಮಲ ಕಪ್ಪಗಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಚಹಾ, ಕಾಫಿ ಜೊತೆಗೆ ನುಂಗಬೇಡಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದೇ ಹೊತ್ತಿಗೆ ತೆಗೆದುಕೊಳ್ಳಬೇಡಿ, ಎರಡರ ನಡುವೆ ಎರಡು ಗಂಟೆ ಬಿಡಿ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಮೂರು ತಿಂಗಳು ಕಳೆದ ಮೇಲೆ ಜಂತುಹುಳದ ಮಾತ್ರೆಯನ್ನು ಒಂದು ಸಲ ನುಂಗಿ. ತೋಟ, ಗದ್ದೆಗಳಲ್ಲಿ ಬರಿಗಾಲಲ್ಲಿ ನಡೆಯುವ ನಮ್ಮ ಹೆಂಗಸರಿಗೆ ಇದು ಬೇಕೇ ಬೇಕು.

ಊಟಕ್ಕೆ ಪೇಟೆಯ ಪುಡಿ ಡಬ್ಬಗಳನ್ನು ಹುಡುಕಬೇಡಿ. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಬಸಳೆ, ನುಗ್ಗೆಸೊಪ್ಪು, ಮೊಟ್ಟೆ, ತಿನ್ನುವವರಿಗೆ ಬೂತಾಯಿ, ಬಂಗುಡೆ. ಇಷ್ಟಿದ್ದರೆ ನಮ್ಮ ಕರಾವಳಿಯ ಅಡುಗೆಮನೆಗೆ ಹೊರಗಿನದು ಬೇಕಿಲ್ಲ. ‘ಮಗು ದೊಡ್ಡದಾದರೆ ಹೆರಿಗೆ ಕಷ್ಟ’ ಎಂದು ಬಸುರಿಯ ತಟ್ಟೆಯಿಂದ ಅನ್ನ ಕಡಿಮೆ ಮಾಡಬಾರದು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಅವಳು ಉಣ್ಣುವ ಪದ್ಧತಿ ಯಾವ ಮನೆಯಲ್ಲಾದರೂ ಉಳಿದಿದ್ದರೆ ಅದು ಇಂದೇ ನಿಲ್ಲಬೇಕು.

ಸಕ್ಕರೆ ಪರೀಕ್ಷೆ ಎರಡು ಸಲ ಆಗಬೇಕು: ಮೊದಲ ಭೇಟಿಯಲ್ಲಿ, ಮತ್ತೆ 24ರಿಂದ 28 ವಾರಗಳ ನಡುವೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕಳೆದು ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ. ಆ ಎರಡು ಗಂಟೆ ಕ್ಲಿನಿಕ್ಕಿನಲ್ಲೇ ಕುಳಿತಿರಿ, ಪೇಟೆ ಕೆಲಸ ಮುಗಿಸಿ ಬರುತ್ತೇನೆಂದು ಹೊರಡಬೇಡಿ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳನ್ನು ಎಲ್ಲ ಬಸುರಿಯರಿಗೂ ಮಾಡುತ್ತಾರೆ, ಸಂಕೋಚಪಡಬೇಡಿ. ಧನುರ್ವಾಯು ತಡೆಯುವ ಚುಚ್ಚುಮದ್ದನ್ನು ಬಿಡಬೇಡಿ.

ತಾಯಿ ಕಾರ್ಡ್ ನಿಮ್ಮ ಜೊತೆಯೇ ಇರಬೇಕು

ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ತವರಿಗೆ ಹೋಗುವ ಸಂಪ್ರದಾಯ ಒಳ್ಳೆಯದೇ. ದಣಿದ ಹೆಣ್ಣಿಗೆ ಅಮ್ಮನ ಮನೆಯಲ್ಲಿ ವಿಶ್ರಾಂತಿ ಸಿಗುತ್ತದೆ. ಆದರೆ ನಮ್ಮ ಜಿಲ್ಲೆಯ ಆರೈಕೆಯಲ್ಲಿ ದೊಡ್ಡ ತೂತು ಬೀಳುವುದು ಇಲ್ಲೇ. ಗಂಡನ ಮನೆ ಅಲೆವೂರು, ತವರು ಕಾರ್ಕಳವೋ ಬೈಂದೂರೋ ಮಂಜೇಶ್ವರವೋ. ಇಲ್ಲಿನ ಆಶಾ ಕಾರ್ಯಕರ್ತೆ ‘ಅವರು ತವರಿಗೆ ಹೋದರು’ ಎಂದು ಬರೆದುಕೊಳ್ಳುತ್ತಾರೆ, ಅಲ್ಲಿನವರಿಗೆ ಇವಳು ಬಂದದ್ದೇ ತಿಳಿಯುವುದಿಲ್ಲ. ರಕ್ತದೊತ್ತಡ ಏರುವುದು ಬಹುಪಾಲು ಆ ತಿಂಗಳುಗಳಲ್ಲೇ.

ಹೊರಡುವ ವಾರ ಮುಂಚೆ ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ, ತವರೂರಿನ ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಕೇಳಿ ತೆಗೆದುಕೊಳ್ಳಿ. ತಲುಪಿದ ವಾರದೊಳಗೆ ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಕಾರ್ಡ್ ತೋರಿಸಿ. ಕಾರ್ಡನ್ನು ದೇವರ ಕೋಣೆಯಲ್ಲೋ ಗಂಡನ ಫೈಲಿನಲ್ಲೋ ಬಿಟ್ಟು ಬರಬೇಡಿ. ಖಾಸಗಿ ಆಸ್ಪತ್ರೆಗೆ ತೋರಿಸುತ್ತಿದ್ದರೂ ಇದೇ ಕಾರ್ಡಿನಲ್ಲಿ ಬರೆಸಿ. ಸ್ಕ್ಯಾನಿಂಗ್ ವರದಿ, ರಕ್ತದ ಗುಂಪು, ಹಿಂದೆ ಸಿಸೇರಿಯನ್ ಆಗಿದ್ದರೆ ಆ ಡಿಸ್ಚಾರ್ಜ್ ಚೀಟಿ, ಎಲ್ಲವೂ ಒಂದೇ ಚೀಲದಲ್ಲಿರಲಿ. ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಮಳೆಗಾಲದ ಜ್ವರ

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಮಲೇರಿಯಾ, ಡೆಂಗೆ, ಇಲಿಜ್ವರ ಮೂರೂ ಓಡಾಡುತ್ತವೆ. ಬಸುರಿಗೆ ಜ್ವರ ಬಂದರೆ ಕಷಾಯ ಕುಡಿಸಿ ಎರಡು ದಿನ ಕಾಯಬಾರದು. ಅದೇ ದಿನ ರಕ್ತ ಪರೀಕ್ಷೆ ಆಗಲಿ. ಮೆಡಿಕಲ್ ಶಾಪಿನಿಂದ ಹೇಳಿ ತರಿಸಿದ ನೋವಿನ ಮಾತ್ರೆ ಬೇಡ. ಸೊಳ್ಳೆಪರದೆಯೊಳಗೆ ಮಲಗಿ. ಗದ್ದೆಯ ಕೆಸರಿಗೆ ಇಳಿಯಬೇಡಿ.

ಹೊತ್ತು ಗೊತ್ತು ನೋಡದೆ ಹೊರಡಬೇಕಾದ ಲಕ್ಷಣಗಳು

ಈ ಕೆಳಗಿನ ಯಾವುದು ಕಂಡರೂ ಮಧ್ಯರಾತ್ರಿಯಾದರೂ ಹೊರಡಿ:

– ಯಾವುದೇ ತಿಂಗಳಲ್ಲಿ ರಕ್ತ ಹೋಗುವುದು, ಒಂದು ಚಮಚೆಯಷ್ಟಾದರೂ
– ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಕೆಳಗೆ ನೋವು, ಮುಖ ಮತ್ತು ಕೈ ಬಾತುಕೊಳ್ಳುವುದು
– ಫಿಟ್ಸ್
– ಮಗುವಿನ ಚಲನೆ ಕಡಿಮೆಯಾಗುವುದು ಅಥವಾ ನಿಲ್ಲುವುದು
– ನೋವಿಲ್ಲದೆ ನೀರು ಹೋಗುವುದು, ನೀರು ಹಸಿರು ಬಣ್ಣದ್ದಾಗಿರುವುದು
– ಮಲಗಿದಾಗಲೂ ಉಸಿರು ಕಟ್ಟುವುದು
– ದಿನ ತುಂಬುವ ಮುಂಚೆಯೇ ಹೊಟ್ಟೆ ಬಿಗಿದು ಬಿಗಿದು ನೋಯುವುದು

ಫಿಟ್ಸ್ ಬಂದವಳನ್ನು ಎಡ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡುವುದರಲ್ಲಿ ಹೊತ್ತು ಕಳೆಯಬೇಡಿ. ದೃಷ್ಟಿಯಾಗಿದೆ, ಸೋಂಕು ತಾಗಿದೆ ಎಂದು ಬೇರೆ ಕಡೆ ಕರೆದೊಯ್ಯಬೇಡಿ. ದೈವಕ್ಕೆ ಹರಕೆ ಹೊರುವುದಾದರೆ ಆ್ಯಂಬುಲೆನ್ಸ್ ಹತ್ತಿದ ಮೇಲೆ ಹೊರಿ.

ಹೆರಿಗೆ ಎಲ್ಲಿ ಎಂಬುದು ಎಂಟನೇ ತಿಂಗಳೊಳಗೆ ತೀರ್ಮಾನವಾಗಲಿ

ಊರಿನ ಕ್ಲಿನಿಕ್ಕಿನ ಶಕ್ತಿ ಇರುವುದು ತಿಂಗಳು ತಿಂಗಳೂ ಕಣ್ಣಿಟ್ಟು ನೋಡುವುದರಲ್ಲಿ, ಅಪಾಯವನ್ನು ಮುಂಚಿತವಾಗಿ ಗುರುತಿಸುವುದರಲ್ಲಿ. ಸಿಸೇರಿಯನ್ ಮಾಡುವುದು, ರಕ್ತ ಕೊಡುವುದು ಅಲ್ಲಿ ಆಗುವುದಿಲ್ಲ. ಹಿಂದೆ ಸಿಸೇರಿಯನ್ ಆದವರು, ಅವಳಿ ಇರುವವರು, ಬಿಪಿ ಅಥವಾ ಸಕ್ಕರೆ ಇರುವವರು, ರಕ್ತ ತೀರಾ ಕಡಿಮೆ ಇರುವವರು, ಹಿಂದಿನ ಹೆರಿಗೆಯಲ್ಲಿ ಹೆಚ್ಚು ರಕ್ತ ಹೋದವರು ಸಿಸೇರಿಯನ್, ರಕ್ತ ಎರಡರ ಅನುಕೂಲವೂ ಇರುವಲ್ಲೇ ಹೆರಬೇಕು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ದಾನ ಕೊಟ್ಟ ಜಾಗದಲ್ಲಿ ಬೆಳೆದ ಸರ್ಕಾರಿ ತಾಯಿ ಮತ್ತು ಮಕ್ಕಳ ಆಸ್ಪತ್ರೆ ಇದೆ. ಈಗ ಅದರ ಹೆಸರಿನಲ್ಲಿ ಕೂಸಮ್ಮ ಶಂಭು ಶೆಟ್ಟಿಯವರ ಸ್ಮರಣೆಯೂ ಸೇರಿದೆ. ಕಾರ್ಕಳ, ಕುಂದಾಪುರಗಳಲ್ಲಿ ತಾಲೂಕು ಆಸ್ಪತ್ರೆ, ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ ಇವೆ. ಎಲ್ಲಿಗೆ ಎಂದು ಮೊದಲೇ ಗೊತ್ತಿದ್ದರೆ ನೋವು ಶುರುವಾದ ರಾತ್ರಿ ಒಂದರಿಂದ ಇನ್ನೊಂದಕ್ಕೆ ಅಲೆಯುವುದು ತಪ್ಪುತ್ತದೆ.

108 ಸೇವೆ ಕರ್ನಾಟಕದಲ್ಲಿ 2008ರ ನವೆಂಬರ್‌ನಿಂದ ಇದೆ. ಆದರೆ ಆಟಿಯ ಗಾಳಿಮಳೆಗೆ ಮರ ಬಿದ್ದು ರಸ್ತೆ ಕಟ್ಟಿಹೋದ ರಾತ್ರಿ ಅದೊಂದನ್ನೇ ನಂಬಬೇಡಿ. ನೆರೆಮನೆಯ ಕಾರು, ಊರಿನ ಒಬ್ಬ ಆಟೊ ಚಾಲಕರು, ಹೀಗೆ ಎರಡು ಕಡೆ ಮೊದಲೇ ಮಾತಾಡಿಟ್ಟಿರಿ. ಓಣಿಯ ತುದಿಗೆ ಗಾಡಿ ಬಾರದ ಮನೆಯಾದರೆ ದಿನ ಹತ್ತಿರವಾಗುತ್ತಲೇ ರಸ್ತೆ ಬದಿಯ ನೆಂಟರ ಮನೆಗೆ ಹೋಗಿ ಇರಿ. ರಕ್ತ ಕೊಡಬಲ್ಲ ಇಬ್ಬರ ಹೆಸರು, ನಂಬರು ಬರೆದಿಡಿ.

ಗಂಡ ಮುಂಬಯಿಯ ಹೋಟೆಲಿನಲ್ಲೋ ದುಬೈಯಲ್ಲೋ ಇರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಶಸ್ತ್ರಚಿಕಿತ್ಸೆಗೆ ಸಹಿ ಹಾಕಲು ಅವನ ಫೋನಿಗಾಗಿ ಕಾಯಬಾರದು. ಹದಿನೆಂಟು ತುಂಬಿದ, ಎಚ್ಚರವಿರುವ ಹೆಂಗಸಿನ ಒಪ್ಪಿಗೆ ಅವಳದ್ದೇ. ಅವಳ ಸಹಿ ಸಾಕು. ಆಸ್ಪತ್ರೆಯವರೂ ‘ಗಂಡಸರು ಯಾರಾದರೂ ಬರಲಿ’ ಎಂದು ತಡೆದು ನಿಲ್ಲಿಸಬಾರದು.

ನಕ್ಷತ್ರ, ಮುಹೂರ್ತ ನೋಡಿ ಸಿಸೇರಿಯನ್ ಮಾಡಿಸಬೇಡಿ. ಜೋಯಿಸರು ಬರೆದುಕೊಟ್ಟ ಗಳಿಗೆಗೆ ಹೊಟ್ಟೆ ಕೊಯ್ಯಲು ಕೇಳುವ ಮನೆಯವರೂ ತಪ್ಪಿತಸ್ಥರು, ಒಪ್ಪುವ ವೈದ್ಯರೂ ತಪ್ಪಿತಸ್ಥರು. ಕಾರಣವಿಲ್ಲದೆ 39 ವಾರಕ್ಕೆ ಮುಂಚೆ ತೆಗೆದ ಮಗು ಉಸಿರಿಗಾಗಿ ಒದ್ದಾಡಬಹುದು. ಮುಂದಿನ ಬಸಿರಿನಲ್ಲಿ ಆ ಗಾಯವೇ ತಾಯಿಗೆ ಅಪಾಯ ತರಬಹುದು. 2019–21ರ ಸಮೀಕ್ಷೆಯಂತೆ ರಾಜ್ಯದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್. ‘ಯಾಕೆ ಬೇಕು, ಕಾದರೆ ಏನಾಗುತ್ತದೆ’ ಎಂದು ವೈದ್ಯರನ್ನು ಕೇಳಿ. ಅವರು ಸರಿಯಾದ ಕಾರಣ ಕೊಟ್ಟರೆ, ಮಗುವಿನ ಬಡಿತ ಇಳಿಯುತ್ತಿದೆ ಎಂದರೆ, ಒಂದು ನಿಮಿಷವೂ ಹಟ ಹಿಡಿಯಬೇಡಿ.

ಗಂಡೋ ಹೆಣ್ಣೋ ಎಂದು ಸ್ಕ್ಯಾನಿಂಗ್‌ನಲ್ಲಿ ಕೇಳಬಾರದು, ಹೇಳಬಾರದು. 1994ರ ಕಾಯ್ದೆಯಡಿ ಎರಡೂ ಅಪರಾಧ. ಬಸಿರು ಬೇಡವಾದರೆ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ, ವೈದ್ಯರ ಹತ್ತಿರ ಹೋಗಿ. ಕಾಯ್ದೆಬದ್ಧವಾದ ದಾರಿ ಇದೆ, ಅಲ್ಲಿ ಗುಟ್ಟೂ ಉಳಿಯುತ್ತದೆ.

ಕ್ಲಿನಿಕ್ಕಿನವರಿಗೆ, ಆಸ್ಪತ್ರೆಯವರಿಗೆ

ಅಳೆಯದ ಬಿಪಿಯನ್ನು ಬರೆಯಬೇಡಿ. ಕಾರ್ಡಿನಲ್ಲಿ ಪ್ರತಿ ತಿಂಗಳೂ 110/70 ಎಂದೇ ಇದ್ದರೆ ಅದು ಆರೈಕೆಯಲ್ಲ, ವಂಚನೆ. ಇದಕ್ಕಿಂತ ಮೆದುವಾದ ಮಾತು ಇಲ್ಲಿ ಸಲ್ಲದು. ಆ ಅಂಕಿಯನ್ನು ನಂಬಿ ಮುಂದಿನ ವೈದ್ಯರು ತೀರ್ಮಾನ ಮಾಡುತ್ತಾರೆ. ಯಂತ್ರ ಸರಿಯಿಲ್ಲದಿದ್ದರೆ ‘ಯಂತ್ರ ಕೆಟ್ಟಿದೆ’ ಎಂದೇ ಬರೆಯಿರಿ, ಬೇರೆ ತರಿಸಿ. ಕಣ್ಣ ರೆಪ್ಪೆ ಮಡಚಿ ನೋಡಿ ರಕ್ತ ಸಾಕು ಎನ್ನಬೇಡಿ.

ಹೆರಿಗೆ ಮಾಡಿಸುವ ಪ್ರತಿ ಕೇಂದ್ರದಲ್ಲೂ ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಕೊಡಬೇಕು. ಆ ಔಷಧವನ್ನು ಇಡಬೇಕಾದದ್ದು 2ರಿಂದ 8 ಡಿಗ್ರಿಯ ತಂಪಿನಲ್ಲಿ. ಮೇ ತಿಂಗಳ ಸೆಕೆಯಲ್ಲಿ ಟ್ರೇಯಲ್ಲೇ ಬಿದ್ದಿರುವ, ಜೂನ್‌ನ ಗಾಳಿಮಳೆಗೆ ಕರೆಂಟು ಹೋಗಿ ಗಂಟೆಗಟ್ಟಲೆ ಬೆಚ್ಚಗಾದ ಫ್ರಿಜ್ಜಿನಲ್ಲಿರುವ ಆಂಪ್ಯೂಲ್ ನೋಡಲು ಹೊಸದರಂತೆಯೇ ಇರುತ್ತದೆ, ಕೆಲಸ ಮಾತ್ರ ಮಾಡದಿರಬಹುದು. ಫ್ರಿಜ್ಜಿನ ತಾಪಮಾನವನ್ನು ದಿನಕ್ಕೆರಡು ಸಲ ಬರೆದಿಡಿ. ಕರೆಂಟು ಹೋದರೆ ಏನು ಮಾಡಬೇಕೆಂದು ಮಳೆಗಾಲಕ್ಕೆ ಮುಂಚೆಯೇ ಸಿಬ್ಬಂದಿ ಎಲ್ಲರಿಗೂ ಗೊತ್ತಿರಲಿ.

ತಂಪು ಬೇಡದ ದಾರಿ ನಮ್ಮ ರಾಜ್ಯದಲ್ಲೇ ಪರೀಕ್ಷೆಯಾಗಿದೆ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ವಿದೇಶಿ ವೈದ್ಯರ ಜೊತೆಗೂಡಿ ಆ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಇದ್ದವರು 1,620 ಹೆಂಗಸರು. ಹೆರಿಗೆ ಮಾಡಿಸಿದವರು ಹಳ್ಳಿಯ ಆರೋಗ್ಯ ಸಹಾಯಕಿಯರೇ. ಮಗು ಹುಟ್ಟಿದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದವರಲ್ಲಿ ಅತಿ ರಕ್ತಸ್ರಾವ ನೂರಕ್ಕೆ 6.4, ಉಳಿದವರಲ್ಲಿ 12. ಹೋದ ರಕ್ತವನ್ನು ಅವರು ಕಣ್ಣಂದಾಜಿನಲ್ಲಿ ಹೇಳಲಿಲ್ಲ. ತಾಯಿಯ ಸೊಂಟದ ಕೆಳಗೆ ಹಾಸುವ, ಗೆರೆ ಗುರುತಿನ ಪ್ಲಾಸ್ಟಿಕ್ ಹಾಳೆಯಲ್ಲಿ ಸಂಗ್ರಹಿಸಿ ಅಳೆದರು. ಈ ಎರಡು ಪಾಠಗಳೂ ಕರಾವಳಿಗೆ ಬೇಕು. ಮಾತ್ರೆ ಕೈಗೆಟಕುವಲ್ಲಿ ಇರಲಿ, ರಕ್ತವನ್ನು ಅಳೆಯಿರಿ. ಅರ್ಧ ಲೀಟರ್ ಆಗುವ ಮುಂಚೆಯೇ ಸಹಾಯಕ್ಕೆ ಕರೆಯಿರಿ. ಬಟ್ಟೆ ನೋಡಿ ‘ಅಷ್ಟೇನಿಲ್ಲ’ ಎನ್ನುವ ಮಾತು ತಾಯಂದಿರನ್ನು ಕೊಂದಿದೆ.

ಬೇರೆ ಆಸ್ಪತ್ರೆಗೆ ಕಳಿಸುವಾಗ ಬರಿಯ ‘ಮಣಿಪಾಲಕ್ಕೆ ಹೋಗಿ’ ಸಾಲದು. ಯಾಕೆ ಕಳಿಸುತ್ತಿದ್ದೀರಿ, ಎಷ್ಟು ಗಂಟೆಗೆ ಯಾವ ಔಷಧ ಕೊಟ್ಟಿರಿ, ಬಿಪಿ ಎಷ್ಟಿತ್ತು ಎಂದು ಬರೆದುಕೊಡಿ. ಅಲ್ಲಿಗೆ ಫೋನ್ ಮಾಡಿ, ಯಾರ ಹತ್ತಿರ ಮಾತಾಡಿದಿರಿ ಎಂಬುದನ್ನೂ ಬರೆಯಿರಿ. ಫಿಟ್ಸ್ ಬಂದವರಿಗೆ, ಬರುವಂತಿರುವವರಿಗೆ ಮೆಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಡದೆ ಗಾಡಿ ಹತ್ತಿಸಬೇಡಿ. ನರ್ಸೊಬ್ಬರು ಜೊತೆಗೆ ಹೋಗಲಿ.

ಕೊಟ್ಟ ಪ್ರತಿ ಔಷಧದ, ಪ್ರತಿ ಡ್ರಿಪ್ಪಿನ ಬ್ಯಾಚ್ ನಂಬರ್ ದಾಖಲೆಯಲ್ಲಿರಲಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ಹೋದದ್ದು ಅವರಿಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಕಡೆಗೆ. ಯಾವ ಬಾಟಲಿ ಯಾರಿಗೆ ಹೋಯಿತು ಎಂದು ಬರೆದಿಡದ ಕಡೆ ಇಂಥದ್ದನ್ನು ಹುಡುಕುವುದೂ ಆಗುವುದಿಲ್ಲ, ಎರಡನೆಯ ಸಾವಿಗೆ ಮುಂಚೆ ತಡೆಯುವುದೂ ಆಗುವುದಿಲ್ಲ.

ಹೆರಿಗೆ ನೋವಿನಲ್ಲಿರುವವಳ ಮೇಲೆ ಕೂಗಬೇಡಿ. ತೊಡೆಗೆ ಹೊಡೆಯಬೇಡಿ. ‘ಆಗ ಬೇಕಿತ್ತು, ಈಗ ಅಳುವುದಾ’ ಎಂಬ ಮಾತು ಯಾವ ಹೆರಿಗೆ ಕೋಣೆಯಲ್ಲೂ ಕೇಳಬಾರದು. ಆ ಮಾತನ್ನು ಕೇಳಿದ ಹೆಣ್ಣು ಅದನ್ನು ಸಾಯುವ ತನಕ ಮರೆಯುವುದಿಲ್ಲ, ಎರಡನೆಯ ಹೆರಿಗೆಗೆ ನಿಮ್ಮಲ್ಲಿಗೆ ಬರುವುದೂ ಇಲ್ಲ. ಅಮ್ಮನೋ ಅಕ್ಕನೋ ಅತ್ತೆಯೋ, ಅವಳು ಬಯಸಿದ ಒಬ್ಬರನ್ನು ಜೊತೆಗಿರಲು ಬಿಡಿ. ಪರದೆ ಎಳೆಯಿರಿ. ಬೇಗ ಮುಗಿಯಲಿ ಎಂದು ನೋವು ಹೆಚ್ಚಿಸುವ ಇಂಜೆಕ್ಷನ್ ಕೊಡಬೇಡಿ, ಹೊಟ್ಟೆ ಮೇಲಿಂದ ಒತ್ತಬೇಡಿ, ಎಲ್ಲರಿಗೂ ಕೊಯ್ದು ಹೊಲಿಗೆ ಹಾಕುವ ಚಾಳಿ ಬಿಡಿ. ಗಂಡು ಹುಟ್ಟಿದರೆ ಇಷ್ಟು, ಹೆಣ್ಣು ಹುಟ್ಟಿದರೆ ಇಷ್ಟು ಎಂದು ‘ಖುಷಿಗೆ’ ಕೈಯೊಡ್ಡುವುದು ಲಂಚ. ಮನೆಯವರೂ ಕೊಡಬೇಡಿ.

ಅವಳ ಭಾಷೆಯಲ್ಲಿ ಹೇಳಿ. ಇಲ್ಲಿ ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರಿದ್ದಾರೆ. ಮಣಿಪಾಲದ ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಗದಗ, ಕೊಪ್ಪಳದಿಂದ ಬಂದು ಶೆಡ್ಡುಗಳಲ್ಲಿ ಇರುವವರಿದ್ದಾರೆ, ಹಿಂದಿ ಮಾತ್ರ ಬಲ್ಲವರಿದ್ದಾರೆ. ಎಲ್ಲರ ಕಣ್ತಪ್ಪಿ ಉಳಿಯುವವರು ಈ ಶೆಡ್ಡಿನ ಹೆಂಗಸರೇ. ‘ನಿಮ್ಮ ಕಾರ್ಡ್ ಊರಲ್ಲಿದೆ, ಅಲ್ಲಿಗೇ ಹೋಗಿ’ ಎಂದು ಅವರನ್ನು ವಾಪಸ್ಸು ಕಳಿಸಬಾರದು. ಕಾಗದಪತ್ರ ಇಲ್ಲವೆಂದು ತಪಾಸಣೆ ನಿಲ್ಲಿಸಬಾರದು. ಆಶಾ ಕಾರ್ಯಕರ್ತೆಯರ ಮನೆ ಪಟ್ಟಿಯಲ್ಲಿ ಶೆಡ್ಡುಗಳೂ ಸೇರಿರಬೇಕು. ಅವರಿಗೆ ಕೂಲಿ ಕೊಡುವ ಮೇಸ್ತ್ರಿಯೂ ತಪಾಸಣೆಯ ದಿನ ಬಸುರಿಗೆ ಸಂಬಳ ಕಡಿಯಬಾರದು.

ಬಾಣಂತನ

ಹೆರಿಗೆಯಾದ ದಿನವೇ ಮನೆಗೆ ಹೊರಡಬೇಡಿ, 48 ಗಂಟೆ ಆಸ್ಪತ್ರೆಯಲ್ಲಿರಿ. ತಾಯಿಯ ಜೀವಕ್ಕೆ ಅತಿ ಹೆಚ್ಚು ಅಪಾಯವಿರುವ ಹೊತ್ತು ಅದು. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ ನರ್ಸನ್ನು ಕರೆಯಿರಿ, ನಿದ್ದೆಯಲ್ಲಿದ್ದರೆ ಎಬ್ಬಿಸಿ. ಮಗುವನ್ನು ಒಂದು ಗಂಟೆಯೊಳಗೆ ಎದೆಗೆ ಹಾಕಿ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು. ಹೆಪಟೈಟಿಸ್ ಬಿ ಲಸಿಕೆ 24 ಗಂಟೆಯೊಳಗೆ, ಪೋಲಿಯೊ ಹನಿ ಮತ್ತು ಬಿಸಿಜಿ ಆಸ್ಪತ್ರೆ ಬಿಡುವ ಮುಂಚೆ ಆಗಿರಲಿ.

ಅತ್ತೆ, ಅಮ್ಮಂದಿರೇ, ಬಾಣಂತನ ಗೊತ್ತಿರುವವರು ನೀವು. ಎಣ್ಣೆ ಹಚ್ಚುವುದು, ಬೆಚ್ಚಗೆ ಮೀಯಿಸುವುದು, ಮನೆಕೆಲಸಕ್ಕೆ ಹಚ್ಚದೆ ಮಲಗಿಸುವುದು ಎಲ್ಲ ಮುಂದುವರಿಸಿ. ಕೆಲವನ್ನು ಮಾತ್ರ ಬಿಡಲೇಬೇಕು. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ನೀರು ತಡೆಯಬೇಡಿ. ಹಾಲೂಡುವವಳಿಗೆ ನೀರು ಹೆಚ್ಚು ಬೇಕು. ತರಕಾರಿ, ಹಣ್ಣು, ಬೇಳೆ ಬಿಡಿಸಿ ಬರಿಯ ಮೆಣಸಿನ ಸಾರು ಅನ್ನದ ಪಥ್ಯ ಬೇಡ. ಸಿಸೇರಿಯನ್ ಗಾಯದ ಮೇಲೆ ಕುದಿನೀರು ಎರಚಬೇಡಿ, ಹೊಟ್ಟೆ ಬಿಗಿಯಾಗಿ ಕಟ್ಟಬೇಡಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ, ಹೊಗೆ ಬೇಡ. ಮದ್ದೆಂದು ಬ್ರಾಂಡಿ ಕೊಡಬೇಡಿ. ಲೇಹ್ಯ ಕೊಟ್ಟರೂ ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ. ಅಮೆ ಇದೆ, ಹೊರಗಿನವರು ಒಳಗೆ ಬರುವ ಹಾಗಿಲ್ಲ ಎಂದು ಆಶಾ ಕಾರ್ಯಕರ್ತೆಯನ್ನು ಅಂಗಳದಿಂದಲೇ ಕಳಿಸಬೇಡಿ. ಅವರು 3, 7, 14, 21, 28 ಮತ್ತು 42ನೇ ದಿನ ಬರುತ್ತಾರೆ. ಒಳಗೆ ಕರೆದು ತಾಯಿಯನ್ನೂ ಮಗುವನ್ನೂ ತೋರಿಸಿ.

ಕೂಸಿಗೆ ಆರು ತಿಂಗಳು ತುಂಬುವ ತನಕ ಎದೆಹಾಲೊಂದೇ. ಜೇನು, ಸಕ್ಕರೆ ನೀರು, ಗ್ರೈಪ್ ವಾಟರ್, ತೇದ ಬಜೆ ಯಾವುದೂ ಬೇಡ. ಹೊಕ್ಕುಳಿಗೆ ಎಣ್ಣೆ, ಬೂದಿ, ಪೌಡರ್ ಹಾಕಬೇಡಿ, ಒಣಗಲು ಬಿಡಿ. ಹುಟ್ಟಿದ ದಿನವೇ ಮೀಯಿಸಬೇಡಿ. ತೂಕ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ತಾಯಿಯ ಬರಿ ಎದೆಗೆ ಅವಚಿ ಬಟ್ಟೆಯಿಂದ ಕಟ್ಟಿಕೊಂಡಿರಲಿ. ತಾಯಿ ದಣಿದಾಗ ಅಪ್ಪನೂ ಹಾಗೇ ಇಟ್ಟುಕೊಳ್ಳಬಹುದು. ಹಾಲು ಕುಡಿಯದ, ಮೈ ತಣ್ಣಗಾದ, ಉಸಿರು ಜೋರಾದ, ಅಂಗಾಲಿನ ತನಕ ಹಳದಿಯಾದ ಕೂಸನ್ನು ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಬಾಣಂತಿಗೆ ಚಳಿಜ್ವರ, ದುರ್ವಾಸನೆಯ ಸ್ರಾವ, ಒಂದೇ ಕಾಲು ಬಾತು ನೋಯುವುದು, ತಲೆನೋವು, ಉಸಿರಾಟದ ತೊಂದರೆ ಕಂಡರೆ ಹೆರಿಗೆಗೆ ಹೋದ ಆಸ್ಪತ್ರೆಗೇ ಹಿಂತಿರುಗಿ. ಬಿಪಿಯಿಂದ ಬರುವ ಫಿಟ್ಸ್ ಹೆರಿಗೆಯ ನಂತರವೂ ಬರಬಹುದು. ಅವಳು ಸುಮ್ಮನೆ ಅಳುತ್ತಿದ್ದರೆ, ನಿದ್ದೆ ಬಿಟ್ಟಿದ್ದರೆ, ಮಗುವನ್ನು ಎತ್ತಿಕೊಳ್ಳದಿದ್ದರೆ ‘ಸೊಕ್ಕು’ ಎನ್ನಬೇಡಿ. ಎರಡು ವಾರ ಕಳೆದೂ ಹಾಗೇ ಇದ್ದರೆ ವೈದ್ಯರಿಗೆ ತೋರಿಸಿ. ಇಲ್ಲದ ದನಿ ಕೇಳಿಸುತ್ತದೆ ಎಂದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎಂದರೆ ಅದೇ ಗಳಿಗೆ ಕರೆದೊಯ್ಯಿರಿ, ಅವಳೊಬ್ಬಳನ್ನೇ ಮಗುವಿನೊಡನೆ ಬಿಡಬೇಡಿ. ಹಿಂದಿನವರು ಬಾಣಂತಿ ಸನ್ನಿ ಎಂದು ಕೈಬಿಟ್ಟ ಈ ಕಾಯಿಲೆಗೆ ಇಂದು ಔಷಧವಿದೆ, ವಾಸಿಯಾಗುತ್ತದೆ. ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ 14416.

ಖರ್ಚಿನ ಬಗ್ಗೆ

2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಪರೀಕ್ಷೆ, ಊಟ, ಹೋಗಿ ಬರುವ ವಾಹನ ಎಲ್ಲವೂ ಉಚಿತ. ‘ಹೊರಗಿನಿಂದ ತನ್ನಿ’ ಎಂದು ಚೀಟಿ ಕೊಟ್ಟರೆ ಯಾಕೆಂದು ಕೇಳಿ, ಆ ಚೀಟಿ ಇಟ್ಟುಕೊಳ್ಳಿ. ಆರೋಗ್ಯ ಸಹಾಯವಾಣಿ 104ಕ್ಕೆ ಹೇಳಿ. ಬಡತನ ರೇಖೆಗಿಂತ ಕೆಳಗಿನವರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯ ಹೆರಿಗೆಗೆ 700 ರೂಪಾಯಿ ಇದೆ. ಅರ್ಹರಿಗೆ ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ ಇದೆ. ಹಣ ತಾಯಿಯ ಹೆಸರಿನ ಖಾತೆಗೇ ಬರಬೇಕು. ಖಾತೆಯನ್ನು ಬಸಿರಿನ ಮೊದಲ ತಿಂಗಳುಗಳಲ್ಲೇ ತೆರೆಯಿರಿ.

ಸಾವಾದರೆ

ಬಸಿರಿನಲ್ಲಿ, ಹೆರಿಗೆಯಲ್ಲಿ ಅಥವಾ ಹೆರಿಗೆಯಾದ 42 ದಿನದೊಳಗೆ ತಾಯಿ ತೀರಿಕೊಂಡರೆ ಅದು ಮನೆಯಲ್ಲೇ ಮುಚ್ಚಿಹೋಗಬಾರದು. ಖಾಸಗಿ ಆಸ್ಪತ್ರೆಯಲ್ಲಾದರೂ, ದಾರಿಯಲ್ಲಾದರೂ, ತವರಿನಲ್ಲಾದರೂ ಆಶಾ ಕಾರ್ಯಕರ್ತೆಗೆ ತಿಳಿಸಿ. ಅಂಥ ಪ್ರತಿ ಸಾವನ್ನೂ ಆರೋಗ್ಯ ಇಲಾಖೆ ವಿಮರ್ಶೆ ಮಾಡಲೇಬೇಕು. ಕೇಳಲು ಬಂದವರಿಗೆ ನೋವು ಶುರುವಾದ ಗಂಟೆ, ಗಾಡಿ ಬಂದ ಗಂಟೆ, ಯಾವ ಆಸ್ಪತ್ರೆಯಿಂದ ಯಾವುದಕ್ಕೆ ಕಳಿಸಿದರು, ಯಾರು ಏನು ಹೇಳಿದರು ಎಂಬುದನ್ನು ನೆನಪಿದ್ದಷ್ಟೂ ಹೇಳಿ. ಕ್ಲಿನಿಕ್ಕಿನವರು ಕಾರ್ಡನ್ನು, ಕೇಸ್ ಶೀಟನ್ನು ಆಮೇಲೆ ತಿದ್ದಬಾರದು. ಸತ್ತವಳ ತಾಯಿ ಕಾರ್ಡನ್ನು ಮನೆಯವರು ಯಾರಿಗೂ ಹಾಗೇ ಕೊಟ್ಟುಬಿಡಬಾರದು. ಒಂದು ಪ್ರತಿ ತೆಗೆದಿಟ್ಟುಕೊಂಡು, ಮೂಲವನ್ನು ರಸೀದಿ ಪಡೆದೇ ಕೊಡಿ.